ಗೈಡ್ ಓದುವುದೇ ಇಲ್ಲ: ಒಂದು ಪಿಎಚ್.ಡಿ. ಪ್ರಕರಣ

ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳ ಪ್ರಕರಣ ಇದು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಯಾವುದು ಮೊದಲು ಆಯಿತು, ಯಾವುದು ಆಮೇಲೆ ಆಯಿತು ಅನ್ನುವುದನ್ನು ಮಾತ್ರ ಮುಟ್ಟಿಲ್ಲ. ಇಂಥ ಪ್ರಕರಣದಲ್ಲಿ ಆ ಕ್ರಮವೇ ಮುಖ್ಯ. ಎರಡನೇ ವರ್ಷದಲ್ಲಿ ಬರೆದ ಒಂದು ಪತ್ರಕ್ಕೆ ಇರುವ ಬಲ ಐದನೇ ವರ್ಷದಲ್ಲಿ ಬರೆದ ಅದೇ ಪತ್ರಕ್ಕೆ ಇರುವುದಿಲ್ಲ.

ನಾನು ಬೇರೊಂದು ವಿಶ್ವವಿದ್ಯಾಲಯದಲ್ಲಿ ಇದೇ ವಿಷಯ ಪಾಠ ಮಾಡಿ ನಿವೃತ್ತಳಾದವಳು. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಗೈಡ್, ಅಂದರೆ ಮಾರ್ಗದರ್ಶಕಿ, ಆಗಿದ್ದೆ. ಬೇರೆಯವರ ಥೀಸಿಸ್‌ಗಳಿಗೆ ಪರೀಕ್ಷಕಿಯಾಗಿಯೂ ಹೋಗಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು 2024ರ ಆಗಸ್ಟ್‌ನಲ್ಲಿ ಫೋನ್ ಮಾಡಿ, "ಮೇಡಂ, ಒಂದ್ಸಲ ಇವಳ ಹತ್ರ ಮಾತಾಡಿ, ಬಿಟ್ಟುಬಿಡ್ತೀನಿ ಅಂತಿದ್ದಾಳೆ" ಅಂದರು. ಹಾಗೆ ಪರಿಚಯವಾದವಳು ಆಕೆ.

ಹಿನ್ನೆಲೆ

ಆಕೆ ಕೋಲಾರ ಜಿಲ್ಲೆಯವಳು. ತಂದೆ ಟೊಮೆಟೊ ಬೆಳೆಯುತ್ತಾರೆ. ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ಆಕೆಯೇ ಮೊದಲು. ಎಂ.ಎ. ಆದ ಮೇಲೆ ನೆಟ್ ಪರೀಕ್ಷೆ ಬರೆದು, ಸಂಶೋಧನೆಗೆ ತಿಂಗಳು ತಿಂಗಳು ಹಣ ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್ ಪಡೆದಳು. 2023ರ ಆರಂಭದಲ್ಲಿ ನೋಂದಣಿಯಾಯಿತು. ಆ ವರ್ಷದ ಜನವರಿಯಿಂದಲೇ ಜೆಆರ್‌ಎಫ್ ಮೊತ್ತ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿತ್ತು. ಆ ಮನೆಗೆ ಅದು ಸಣ್ಣ ಹಣವಲ್ಲ. ತಮ್ಮನ ಕಾಲೇಜ್ ಫೀಸ್ ಕಟ್ಟುತ್ತಿದ್ದವಳೂ ಅವಳೇ.

ಆಯ್ದುಕೊಂಡ ವಿಷಯ ತನ್ನ ಊರಿನದೇ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ ಮತ್ತು ಬೋರ್‌ವೆಲ್, ಅಷ್ಟೇ. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ಜನ ಅದನ್ನು ಕೆ.ಸಿ. ವ್ಯಾಲಿ ನೀರು ಅಂತಾರೆ. ಕೆರೆ ತುಂಬಿದ ಊರುಗಳಲ್ಲಿ ರೈತರು ಬೆಳೆ ಬದಲಿಸಿದರಾ? ಬೋರ್‌ವೆಲ್ ಮೇಲಿನ ಸಾಲ ಇಳಿಯಿತಾ? ನೀರು ಶುದ್ಧವಾಗಿಲ್ಲ ಅನ್ನುವ ಭಯ ಇರುವ ಕಡೆ ಜನ ಏನು ಬೆಳೆದರು, ಏನು ಬಿಟ್ಟರು? ಇವು ಆಕೆಯ ಪ್ರಶ್ನೆಗಳು. ಪರೀಕ್ಷಕಿಯಾಗಿ ನಾನು ಓದಿದ ಎಷ್ಟೋ ಸಿನಾಪ್ಸಿಸ್‌ಗಳಿಗಿಂತ ಇದು ಗಟ್ಟಿಯಾದ ವಿಷಯ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಇಂಥ ಪ್ರಕರಣ ಕೇಳಿದ ಕೂಡಲೇ "ಹುಡುಗಿ ಸರಿಯಾಗಿ ಕೆಲಸ ಮಾಡಿರಲ್ಲ ಬಿಡಿ" ಅನ್ನುವವರೇ ಜಾಸ್ತಿ.

ಗೈಡ್ ಹಿರಿಯ ಪ್ರೊಫೆಸರ್. ಪ್ರೊಫೆಸರ್ ಒಬ್ಬರು ಒಂದು ಹೊತ್ತಿಗೆ ಎಂಟು ಪಿಎಚ್.ಡಿ. ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು ಅನ್ನುತ್ತದೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2022ರ ನಿಯಮ. ಇವರ ಬಳಿ ಎಂಟೂ ಭರ್ತಿಯಾಗಿತ್ತು. ಜೊತೆಗೆ ಆಡಳಿತದ ಹುದ್ದೆ, ಪರೀಕ್ಷಾ ಕೆಲಸ, ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯುವ ನ್ಯಾಕ್ ತಪಾಸಣೆಯ ತಯಾರಿ. ವಿಭಾಗದಲ್ಲಿ ಕಾಯಂ ಅಧ್ಯಾಪಕರು ಕಡಿಮೆ, ಪಾಠವೆಲ್ಲ ಅತಿಥಿ ಉಪನ್ಯಾಸಕರ ಮೇಲೆ. ಅವರು ಕೆಟ್ಟ ಮನುಷ್ಯರು ಅಂತ ನನಗೆ ಅನಿಸಿಲ್ಲ. ಆದರೆ ವಿದ್ಯಾರ್ಥಿ ಬರೆದದ್ದನ್ನು ಓದದ ಗೈಡ್ ಒಳ್ಳೆಯ ಮನುಷ್ಯರಾಗಿದ್ದರೂ ಆ ವಿದ್ಯಾರ್ಥಿಗೆ ಆಗುವ ನಷ್ಟ ಕಡಿಮೆಯಾಗುವುದಿಲ್ಲ.

ಏನು ನಡೆಯುತ್ತಿತ್ತು

ಮೊದಲ ವರ್ಷ ಕೋರ್ಸ್ ವರ್ಕ್‌ನಲ್ಲಿ, ಅಂದರೆ ಸಂಶೋಧನೆಗೆ ಮೊದಲಿನ ಪಾಠ ಮತ್ತು ಪರೀಕ್ಷೆಯಲ್ಲಿ, ಕಳೆಯಿತು. ಅಲ್ಲಿ ತೊಂದರೆ ಇರಲಿಲ್ಲ, ಒಳ್ಳೆಯ ಅಂಕವೇ ಬಂತು. 2023ರ ಕೊನೆಗೆ ವಿಷಯಕ್ಕೆ ಒಪ್ಪಿಗೆಯೂ ಸಿಕ್ಕಿತು. ಸಂಶೋಧನಾ ಸಲಹಾ ಸಮಿತಿ, ಎಲ್ಲರೂ ಆರ್‌ಎಸಿ ಅನ್ನುವುದು ಇದಕ್ಕೇ, ಸಭೆ ಸೇರಿತ್ತು ಅಂತ ಕಾಗದದಲ್ಲಿ ಇತ್ತು. ಸಭೆ ಮಾತ್ರ ನಡೆದಿರಲಿಲ್ಲ. ಆಫೀಸಿನ ಹುಡುಗ ಫೈಲ್ ಹಿಡಿದುಕೊಂಡು ಒಬ್ಬೊಬ್ಬರ ಕೋಣೆಗೆ ಹೋಗಿ ಸಹಿ ತಂದಿದ್ದ. ನಮ್ಮ ಎಷ್ಟೋ ವಿಭಾಗಗಳಲ್ಲಿ ಇದೇ ಪದ್ಧತಿ. ಆಗ ಅದು ಆಕೆಗೆ ಅನುಕೂಲ ಅನಿಸಿತು, ಕೆಲಸ ಬೇಗ ಆಯಿತಲ್ಲ ಅಂತ.

ಆಮೇಲೆ ಎಂಟು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ. ಮನೆಮನೆ ಹತ್ತಿ ಇಳಿದು ಪ್ರಶ್ನಾವಳಿ ತುಂಬಿದಳು. 2024ರ ಮಾರ್ಚ್‌ನಲ್ಲಿ ಮೊದಲ ಅಧ್ಯಾಯದ ಕರಡು, ಅರವತ್ತು ಪುಟ, ಪ್ರಿಂಟ್ ತೆಗೆದು ಗೈಡ್‌ಗೆ ಕೊಟ್ಟಳು. "ಮುಂದಿನ ವಾರ ನೋಡೋಣಮ್ಮ" ಅಂದರು. ಮುಂದಿನ ವಾರ ಮತ್ತೆ ಅದೇ ಮಾತು. ಜೂನ್‌ನಲ್ಲಿ ಅವರ ಕೋಣೆಗೆ ಹೋದಾಗ ಆ ಕರಡು ಟೇಬಲ್ ಪಕ್ಕದ ಕಪಾಟಿನ ಮೇಲೆ ಕ್ಲಿಪ್ ಕೂಡ ಬಿಚ್ಚದೆ ಇತ್ತು.

ಈ ನಡುವೆ ಬೇರೆ ಕೆಲಸಗಳು ಬರುತ್ತಲೇ ಇದ್ದವು. ಸೆಮಿನಾರ್‌ಗೆ ಬ್ಯಾನರ್ ಮಾಡಿಸಬೇಕು. ಅತಿಥಿಗಳನ್ನು ರೈಲ್ವೆ ಸ್ಟೇಷನ್‌ನಿಂದ ಕರೆತರಬೇಕು. ಇಂಟರ್ನಲ್ ಅಂಕಗಳನ್ನು ಕಂಪ್ಯೂಟರ್‌ಗೆ ಹಾಕಬೇಕು. ಗೈಡ್ ಅವರ ಪ್ರಾಜೆಕ್ಟ್‌ನ ಡೇಟಾ ಎಂಟ್ರಿ ಮಾಡಬೇಕು. ಒಂದೊಂದೂ ಸಣ್ಣ ಕೆಲಸ. ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ವಾರದ ಅರ್ಧ ಇದರಲ್ಲೇ ಹೋಗುತ್ತಿತ್ತು.

ಒಂದು ದಿನ ವಿಭಾಗದ ಟೀ ಹೊತ್ತಿನಲ್ಲಿ, ನಾಲ್ಕು ಜನರ ಮುಂದೆ, "ಇವಳದು ಇನ್ನೂ ಎಂ.ಎ. ಪ್ರಾಜೆಕ್ಟ್ ಮಟ್ಟದಲ್ಲೇ ಇದೆ" ಅಂದರಂತೆ. ಓದದ ಕರಡಿನ ಬಗ್ಗೆ ಕೊಟ್ಟ ತೀರ್ಪು ಅದು. ಆಕೆಗೆ ಬಹಳ ನೋವಾದದ್ದು ಇದರಿಂದಲೇ.

ಜುಲೈನಲ್ಲಿ ಬಂದದ್ದು ದೊಡ್ಡ ಪೆಟ್ಟು. "ಕೆ.ಸಿ. ವ್ಯಾಲಿ ಎಲ್ಲ ಬೇಡ, ಅದರಲ್ಲಿ ರಾಜಕೀಯ ಇದೆ. ನನ್ನ ಪ್ರಾಜೆಕ್ಟ್‌ನಲ್ಲಿ ಸ್ವಸಹಾಯ ಸಂಘಗಳ ಡೇಟಾ ಇದೆ, ಅದರ ಮೇಲೆ ಮಾಡು" ಅಂದರು. ಎಂಟು ಹಳ್ಳಿಗಳ ಕೆಲಸ ಮುಗಿದ ಮೇಲೆ ಬಂದ ಮಾತು ಇದು. ಆಕೆ ಹಾಸ್ಟೆಲ್‌ಗೆ ಬಂದು ಮನೆಗೆ ಫೋನ್ ಮಾಡಿ ಅತ್ತಳು. "ಬಿಟ್ಟು ಬಾರಮ್ಮ, ಬಿ.ಎಡ್. ಮಾಡ್ಕೊಂಡ್ರೆ ಆಯ್ತು" ಅಂದರು ಅಪ್ಪ. ಅವರ ಮಾತು ಪ್ರೀತಿಯದೇ. ಆದರೆ ಆ ಹೊತ್ತಿನಲ್ಲಿ ಅದು ಬಾಗಿಲು ಮುಚ್ಚಿದ ಹಾಗೆ ಕೇಳಿಸಿತು ಅಂತ ಆಕೆ ನನಗೆ ಹೇಳಿದಳು.

ಮೊದಲ ಮಾತುಕತೆ

ನಾನು ಮೊದಲು ಕೇಳಿದ್ದು ಒಂದೇ. "ಇವೆಲ್ಲ ಎಲ್ಲಾದರೂ ಬರಹದಲ್ಲಿ ಇದೆಯಾ?" ಇರಲಿಲ್ಲ. ಕರಡು ಕೊಟ್ಟದ್ದಕ್ಕೆ ದಾಖಲೆ ಇಲ್ಲ. ವಿಷಯ ಬದಲಿಸು ಅಂದದ್ದಕ್ಕೆ ದಾಖಲೆ ಇಲ್ಲ. ಪ್ರಗತಿ ವರದಿಗಳಲ್ಲಿ ಮಾತ್ರ "ತೃಪ್ತಿಕರ" ಅಂತ ಗೈಡ್ ಸಹಿ ಇತ್ತು. ಅಂದರೆ ಕಾಗದದ ಮೇಲೆ ಎಲ್ಲವೂ ಚೆನ್ನಾಗಿ ನಡೆದಿತ್ತು. ಯಾರ ಮುಂದೆ ಹೋಗಿ ಹೇಳಿದರೂ ಆಕೆಯ ಬಾಯಿಮಾತು ಒಂದು ಕಡೆ, ಅವರ ಸಹಿ ಇನ್ನೊಂದು ಕಡೆ.

ಎರಡನೆಯದಾಗಿ, ನಡೆಯುತ್ತಿರುವುದು ಯಾವ ಬಗೆಯ ತೊಂದರೆ ಅಂತ ಬಿಡಿಸಿ ನೋಡಿದೆವು. ಇದು ಲೈಂಗಿಕ ಕಿರುಕುಳವಲ್ಲ. ಹಾಗಿದ್ದಿದ್ದರೆ ದಾರಿ ಬೇರೆ. 2013ರ ಕಾಯಿದೆಯ ಪ್ರಕಾರ ಆಂತರಿಕ ದೂರು ಸಮಿತಿಗೆ ನೇರ ಹೋಗಬೇಕು, ಹೊಂದಿಕೊಂಡು ಹೋಗುವ ಮಾತೇ ಅಲ್ಲಿ ಬರಬಾರದು. ಜಾತಿ ಹಿಡಿದು ಆಡಿದ ಮಾತೂ ಇರಲಿಲ್ಲ. ಇದ್ದಿದ್ದರೆ ಅದಕ್ಕೂ ಬೇರೆ ಕಾನೂನು ಇದೆ. ಆಕೆಗೆ ಇದ್ದದ್ದು ಓದದ, ಉತ್ತರ ಕೊಡದ, ಆಮೇಲೆ ಇದ್ದಕ್ಕಿದ್ದಂತೆ ದಿಕ್ಕು ಬದಲಿಸುವ ಗೈಡ್. ಇದಕ್ಕೆ ಇಂಥ ಕಲಂ ಅಂತ ತೋರಿಸಲು ಆಗುವುದಿಲ್ಲ. ಹಾಗಾಗಿಯೇ ಇದು ವರ್ಷಗಟ್ಟಲೆ ಎಳೆಯುತ್ತದೆ.

ಆಕೆಯ ಮನಸ್ಸಿನಲ್ಲಿ ಆಗ ಎರಡೇ ದಾರಿ ಇದ್ದವು. ಕುಲಪತಿಗೆ ದೂರು ಕೊಡುವುದು, ಇಲ್ಲವೇ ಬಿಟ್ಟು ಹೋಗುವುದು. ನಡುವೆ ಬಹಳ ದೊಡ್ಡ ಜಾಗ ಇದೆ ಅನ್ನುವುದನ್ನು ಯಾರೂ ಆಕೆಗೆ ಹೇಳಿರಲಿಲ್ಲ. "ದೂರು ಓಡಿ ಹೋಗುವುದಿಲ್ಲ ಕಣಮ್ಮ, ಇಲ್ಲೇ ಇರುತ್ತೆ. ಮೊದಲು ಇನ್ನೆರಡು ಕೆಲಸ ಮಾಡೋಣ" ಅಂದೆ.

ಇಮೇಲ್

ಮೊದಲ ಕೆಲಸ, ಪ್ರತಿ ಭೇಟಿಯ ಮೇಲೂ ಅದೇ ದಿನ ಒಂದು ಇಮೇಲ್. ಆರೋಪ ಇಲ್ಲದ, ಸಿಟ್ಟು ಇಲ್ಲದ, ಐದಾರು ಸಾಲಿನ ಇಮೇಲ್. ಆಕೆ ಕಳಿಸಿದ ಮೊದಲನೆಯದು ಹೀಗಿತ್ತು:

"ಮಾನ್ಯ ಸರ್, ಇಂದು ಸಮಯ ಕೊಟ್ಟಿದ್ದಕ್ಕೆ ವಂದನೆಗಳು. ಮೊದಲ ಅಧ್ಯಾಯದ ಕರಡನ್ನು ಮಾರ್ಚ್‌ನಲ್ಲಿ ತಮಗೆ ಕೊಟ್ಟಿದ್ದೆ. ಅದರಲ್ಲಿ ತಾವು ಮುಖ್ಯವಾಗಿ ನೋಡಬೇಕಾದ ಆರು ಪುಟಗಳನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಮೂರು ಪ್ರಶ್ನೆಗಳನ್ನು ಕೊನೆಯಲ್ಲಿ ಬರೆದಿದ್ದೇನೆ. ತಮ್ಮ ಸೂಚನೆ ಈ ತಿಂಗಳ 20ರೊಳಗೆ ಸಿಕ್ಕರೆ ತಿದ್ದುತ್ತೇನೆ. ಅಲ್ಲಿಯವರೆಗೆ ಎರಡನೇ ಅಧ್ಯಾಯದ ಕೋಷ್ಟಕಗಳ ಕೆಲಸ ಮುಂದುವರಿಸುತ್ತೇನೆ."

ಇದರಲ್ಲಿ ಕೆಲವು ವಿಷಯ ಗಮನಿಸಬೇಕು. ಅರವತ್ತು ಪುಟದ ಬದಲು ಆರು ಪುಟ. ಕೆಲಸದ ನಡುವೆ ಇರುವ ಮನುಷ್ಯ ಅರವತ್ತು ಪುಟ ನೋಡಿದರೆ ಪಕ್ಕಕ್ಕೆ ಇಡುತ್ತಾನೆ, ಆರು ಪುಟವಾದರೆ ಕಾರಿನಲ್ಲಿ ಕೂತು ಓದಬಹುದು. "ಹೇಗಿದೆ ಸರ್" ಅನ್ನುವ ಬದಲು ಹೌದು, ಇಲ್ಲ ಅಂತ ಉತ್ತರ ಕೊಡಬಹುದಾದ ಪ್ರಶ್ನೆ. ಈ ಮೂರು ತಾಲ್ಲೂಕು ಸಾಕಾ? ಕೆರೆ ತುಂಬದ ಊರುಗಳನ್ನು ಹೋಲಿಕೆಗೆ ಇಟ್ಟುಕೊಂಡದ್ದು ಸರಿಯಾ? ಸಾಲದ ಲೆಕ್ಕಕ್ಕೆ ಸಹಕಾರ ಸಂಘದ ಸಾಲ ಮಾತ್ರ ಸಾಕಾ, ಕೈಸಾಲವೂ ಸೇರಬೇಕಾ? ಆಮೇಲೆ ಒಂದು ತಾರೀಖು. ಕೊನೆಗೆ, ಉತ್ತರ ಬಾರದಿದ್ದರೂ ಕೆಲಸ ನಿಲ್ಲುವುದಿಲ್ಲ ಅನ್ನುವ ಸೂಚನೆ.

ಇಂಥ ಇಮೇಲ್‌ಗೆ ಗೈಡ್ ಸಿಟ್ಟಾಗುತ್ತಾರಾ ಅನ್ನುವ ಭಯ ಆಕೆಗೆ ಇತ್ತು. ಮೊದಲ ಎರಡಕ್ಕೆ ಉತ್ತರವೇ ಬರಲಿಲ್ಲ. ಮೂರನೆಯದಕ್ಕೆ ಮೊಬೈಲಿನಿಂದ ಎರಡು ಸಾಲು ಬಂತು: ಕೈಸಾಲ ಸೇರಿಸು, ತಾಲ್ಲೂಕು ಸಾಕು. ಅಲ್ಲಿಯವರೆಗೆ ಆಕೆಯ ಥೀಸಿಸ್ ಬಗ್ಗೆ ಅವರು ಬರಹದಲ್ಲಿ ಹೇಳಿದ ಮೊದಲ ಮಾತು ಅದು. ಒಳ್ಳೆಯ ಸಲಹೆಯೂ ಹೌದು. ಸಣ್ಣ ರೈತರ ಸಾಲದಲ್ಲಿ ಕೈಸಾಲ ಬಿಟ್ಟರೆ ಲೆಕ್ಕವೇ ತಪ್ಪುತ್ತದೆ.

ಇನ್ನೊಂದು ಕೆಲಸ ಜೊತೆಜೊತೆಗೇ ನಡೆಯಿತು. ಬೇರೆ ಓದುಗರನ್ನು ಹುಡುಕಿದೆವು. ಕೇಂದ್ರದ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಐಸಿಎಸ್‌ಎಸ್‌ಆರ್ ನೆರವಿನಿಂದ ನಡೆಯುವ ಹತ್ತು ದಿನಗಳ ಸಂಶೋಧನಾ ವಿಧಾನ ಕಮ್ಮಟವೊಂದಕ್ಕೆ ಅರ್ಜಿ ಹಾಕಿದಳು. ಅಲ್ಲಿ ಸಿಕ್ಕ ಇಬ್ಬರು ಗೆಳತಿಯರು, ಇಬ್ಬರೂ ಬೇರೆ ಬೇರೆ ವಿಶ್ವವಿದ್ಯಾಲಯದವರು, ಈಗಲೂ ಹದಿನೈದು ದಿನಕ್ಕೊಮ್ಮೆ ಒಬ್ಬರ ಬರಹ ಇನ್ನೊಬ್ಬರು ಓದುತ್ತಾರೆ. ಗೈಡ್ ಒಬ್ಬರೇ ಓದುಗರು ಅಂತ ಕಾಯುತ್ತಾ ಕೂತವರ ಬರವಣಿಗೆ ಒಣಗಿಹೋಗುತ್ತದೆ. ನನ್ನ ವಿದ್ಯಾರ್ಥಿಗಳಲ್ಲೂ ಬೇಗ ಮುಗಿಸಿದವರು ತಮ್ಮತಮ್ಮಲ್ಲೇ ಬರಹ ಹಂಚಿಕೊಂಡು ಓದಿದವರು.

ಆರ್‌ಎಸಿ ನಿಜವಾಗಿ ಸೇರಿದ್ದು

ಪ್ರಕರಣ ತಿರುಗಿದ್ದು ಇಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಿಷಯ ಬದಲಿಸು ಅನ್ನುವ ಮಾತಿಗೆ ಆಕೆ ಏನು ಮಾಡಬೇಕಿತ್ತು? ನೇರ "ಆಗಲ್ಲ ಸರ್" ಅನ್ನುವ ಹಾಗಿಲ್ಲ. ಒಪ್ಪಿಕೊಂಡರೆ ಎಲ್ಲ ಮೊದಲಿಂದ. ನಾವಿಬ್ಬರೂ ಕೂತು 2022ರ ಯುಜಿಸಿ ನಿಯಮವನ್ನು ಓದಿದೆವು. 2022ರ ನವೆಂಬರ್‌ನಲ್ಲಿ ಪ್ರಕಟವಾದ ಆ ನಿಯಮ ಆಕೆಯ ನೋಂದಣಿಗೆ ಅನ್ವಯಿಸುತ್ತದೆ. ಅದರ ಪ್ರಕಾರ ಪ್ರತಿ ವಿದ್ಯಾರ್ಥಿಗೂ ಒಂದು ಸಲಹಾ ಸಮಿತಿ ಇರಬೇಕು. ಸಂಶೋಧನಾ ಪ್ರಸ್ತಾವ ಪರಿಶೀಲಿಸಿ ವಿಷಯವನ್ನು ಅಂತಿಮಗೊಳಿಸುವುದು ಆ ಸಮಿತಿಯ ಕೆಲಸ. ವಿದ್ಯಾರ್ಥಿ ಪ್ರತಿ ಸೆಮಿಸ್ಟರ್ ಸಮಿತಿಯ ಮುಂದೆ ಬಂದು ತನ್ನ ಕೆಲಸ ಮಂಡಿಸಬೇಕು, ಪ್ರಗತಿ ವರದಿ ಕೊಡಬೇಕು. ಪ್ರಗತಿ ಸಾಲದು ಅನಿಸಿದರೆ ಸಮಿತಿ ಕಾರಣ ಬರೆದು, ಏನು ಸರಿಪಡಿಸಬೇಕು ಅಂತ ಹೇಳಬೇಕು.

ಅಂದರೆ ವಿಷಯ ಬದಲಿಸುವುದು ಗೈಡ್ ಒಬ್ಬರ ಕೈಯಲ್ಲಿ ಇಲ್ಲ. ಆಕೆಯ ಎಂಟು ಹಳ್ಳಿಗಳ ಕೆಲಸಕ್ಕೆ ಇದ್ದ ರಕ್ಷಣೆ ಅದೇ.

ತೊಡಕೂ ಅಲ್ಲೇ ಇದೆ. ಆ ಸಮಿತಿಯ ಸಂಚಾಲಕರು ಗೈಡ್ ಅವರೇ. ಸಭೆ ಕರೆಯಬೇಕಾದವರೂ ಅವರೇ. ಅವರು ಕರೆಯದಿದ್ದರೆ? ಅದಕ್ಕೆ ಆಕೆ ಅಕ್ಟೋಬರ್‌ನಲ್ಲಿ ಒಂದು ಮನವಿ ಬರೆದಳು. ಗೈಡ್ ಅವರಿಗೇ ಬರೆದದ್ದು, ವಿಭಾಗದ ಮುಖ್ಯಸ್ಥರಿಗೆ ಪ್ರತಿ. "ವಿಷಯದ ಬಗ್ಗೆ ತಾವು ಹೇಳಿದ ಬದಲಾವಣೆಯನ್ನು ಸಮಿತಿಯ ಮುಂದೆ ಇಟ್ಟು ಮಾರ್ಗದರ್ಶನ ಪಡೆಯಬೇಕೆಂದಿದ್ದೇನೆ. ಈ ಸೆಮಿಸ್ಟರ್‌ನ ಮಂಡನೆಗೆ ದಿನಾಂಕ ಕೊಡಬೇಕಾಗಿ ವಿನಂತಿ." ಇಷ್ಟೇ. ದೂರಿನ ವಾಸನೆಯೇ ಇಲ್ಲ. ಆದರೆ ಇಂಥ ಪತ್ರ ಮುಖ್ಯಸ್ಥರ ಇನ್‌ವರ್ಡ್ ರಿಜಿಸ್ಟರ್‌ನಲ್ಲಿ ದಾಖಲಾದ ಮೇಲೆ ಸುಮ್ನೆ ಪಕ್ಕಕ್ಕಿಡುವುದು ಯಾರಿಗೂ ಸುಲಭವಲ್ಲ.

ನವೆಂಬರ್‌ನಲ್ಲಿ ಸಭೆ ಸೇರಿತು. ನಿಜವಾದ ಸಭೆ, ಎಲ್ಲರೂ ಕೂತು. ಆಕೆ ಇಪ್ಪತ್ತು ನಿಮಿಷ ಮಂಡಿಸಿದಳು. ನಾವು ತಯಾರಿ ಮಾಡುವಾಗ ಒಂದು ವಿಷಯದಲ್ಲಿ ನಾನು ಹಟ ಹಿಡಿದಿದ್ದೆ. ತೊಂದರೆಗಳ ಕಥೆ ಒಂದು ಸಾಲೂ ಬೇಡ, ಕೆಲಸ ಮಾತ್ರ ತೋರಿಸು ಅಂತ. ಎಷ್ಟು ಮನೆ ಆಯಿತು, ಏನು ಕಂಡಿತು, ಕೆರೆ ತುಂಬಿದ ಊರಿಗೂ ತುಂಬದ ಊರಿಗೂ ಎಲ್ಲಿ ವ್ಯತ್ಯಾಸ. ಸಮಿತಿಯ ಇನ್ನೊಬ್ಬ ಸದಸ್ಯರು ಭೂಗೋಳ ವಿಭಾಗದವರು. ಅಂತರ್ಜಲದ ಅಳತೆಗಳ ಬಗ್ಗೆ ಅವರು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಆಕೆಗೆ ಕೆಲವಕ್ಕೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದಳು. ಆ ದಿನ ಸಂಜೆ ಫೋನಿನಲ್ಲಿ ಆಕೆಯ ದನಿಯೇ ಬೇರೆ ಇತ್ತು. "ಮೇಡಂ, ಯಾರೋ ನನ್ನ ಕೆಲಸದ ಬಗ್ಗೆ ಅರ್ಧ ಗಂಟೆ ಯೋಚನೆ ಮಾಡಿದ್ರು" ಅಂದಳು. ಎರಡು ವರ್ಷ ಹತ್ತಿರವಾಗಿತ್ತು ನೋಂದಣಿಯಾಗಿ. ಆ ಮಾತು ನನಗೆ ಸಂತೋಷಕ್ಕಿಂತ ಜಾಸ್ತಿ ಸಂಕಟ ಕೊಟ್ಟಿತು.

ಗೈಡ್ ಸಭೆಯಲ್ಲಿ ವಿಷಯ ಬದಲಿಸುವ ಮಾತು ಎತ್ತಲೇ ಇಲ್ಲ. ವಿಷಯ ಹಾಗೇ ಮುಂದುವರಿಯಲಿ ಅಂತ ನಡಾವಳಿಯಲ್ಲಿ ಬರೆದರು, ಅವರೂ ಸಹಿ ಹಾಕಿದರು. ಆ ನಡಾವಳಿಯ ಪ್ರತಿಯನ್ನು ಆಕೆ ಅವತ್ತೇ ಪಡೆದುಕೊಂಡಳು.

ಹಣ ನಿಂತದ್ದು

ಸುಲಭವಾಗಿ ಮುಗಿಯಿತು ಅಂದುಕೊಳ್ಳಬೇಡಿ. ಡಿಸೆಂಬರ್‌ನಿಂದ ಫೆಲೋಶಿಪ್ ಬರುವುದು ನಿಂತಿತು. ಫೆಲೋಶಿಪ್ ಬರಬೇಕಾದರೆ ಪ್ರತಿ ತಿಂಗಳೂ ವಿಶ್ವವಿದ್ಯಾಲಯದಿಂದ ಆನ್‌ಲೈನ್ ದೃಢೀಕರಣ ಹೋಗಬೇಕು. ಅದಕ್ಕೆ ಮೊದಲು ಗೈಡ್ ಸಹಿ ಮಾಡಿದ ಹಾಜರಾತಿ ಆಫೀಸಿಗೆ ಸೇರಬೇಕು. ಆ ಸಹಿ ಆಗಿರಲಿಲ್ಲ. ಬೇಕಂತಲೇ ಮಾಡಿದರಾ, ಮರೆತರಾ? ಆಕೆಗೆ ಬೇಕಂತಲೇ ಅನಿಸಿತು. ನಾನು ಆ ಪ್ರಶ್ನೆ ಬಿಟ್ಟುಬಿಡು ಅಂದೆ. ಉದ್ದೇಶ ಸಾಬೀತು ಮಾಡಲು ಹೊರಟರೆ ವಾದ ಶುರುವಾಗುತ್ತದೆ. ಹಣ ಬಂದಿಲ್ಲ ಅನ್ನುವುದಕ್ಕೆ ಬ್ಯಾಂಕ್ ಪಾಸ್‌ಬುಕ್ ಸಾಕು.

ಮುಂದೆ ಇನ್ನೂ ದೊಡ್ಡದು ಕಾಯುತ್ತಿತ್ತು. ಎರಡು ವರ್ಷ ಮುಗಿದ ಮೇಲೆ ಜೆಆರ್‌ಎಫ್ ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್ ಆಗಬೇಕು. ಆಗ ತಿಂಗಳಿಗೆ 42,000. ಇದಕ್ಕೆ ಗೈಡ್, ವಿಭಾಗದ ಮುಖ್ಯಸ್ಥರು, ಹೊರಗಿನ ಒಬ್ಬ ವಿಷಯ ತಜ್ಞರು, ಹೀಗೆ ಮೂವರ ಸಮಿತಿ ಕೆಲಸ ನೋಡಿ ಶಿಫಾರಸು ಮಾಡಬೇಕು. ತೃಪ್ತಿಕರವಲ್ಲ ಅಂದರೆ ಇನ್ನೊಂದು ವರ್ಷ ಜೆಆರ್‌ಎಫ್ ಆಗಿಯೇ ಇರಬೇಕು, ಆಮೇಲೆ ಮತ್ತೆ ಪರಿಶೀಲನೆ. ಗೈಡ್ "ನೋಡೋಣ, ಅವಸರ ಏನು" ಅನ್ನುತ್ತಿದ್ದರು.

ಇಲ್ಲಿ ದೂರಿನ ದಾರಿಯನ್ನು ಗಂಭೀರವಾಗಿ ಯೋಚಿಸಿದೆವು. ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮ ಇದೆ. ಪ್ರತಿ ವಿಶ್ವವಿದ್ಯಾಲಯದಲ್ಲೂ ಒಂದು ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಒಂಬುಡ್ಸ್‌ಪರ್ಸನ್, ಅಂದರೆ ಇಂಥ ದೂರು ವಿಚಾರಿಸಲು ನೇಮಿಸಿದವರು, ಅವರ ಬಳಿ ಮೇಲ್ಮನವಿ. ಆ ನಿಯಮ ಯಾವುದನ್ನೆಲ್ಲ ಕುಂದುಕೊರತೆ ಅಂತ ಪಟ್ಟಿ ಮಾಡಿದೆ ಅಂತ ಓದಬೇಕು. ಸ್ಕಾಲರ್‌ಶಿಪ್ ಕೊಡದಿರುವುದು, ತಡ ಮಾಡುವುದು ಅಲ್ಲಿ ಸ್ಪಷ್ಟವಾಗಿ ಇದೆ. ಹಾಗಾಗಿ "ಗೈಡ್ ನನ್ನ ಅಧ್ಯಾಯ ಓದಲ್ಲ" ಅಂತ ಹೋದರೆ ವಾದ, ಪ್ರತಿವಾದ ನಡೆಯುತ್ತದೆ. "ಇಷ್ಟು ತಿಂಗಳಿಂದ ಫೆಲೋಶಿಪ್ ಬಂದಿಲ್ಲ" ಅಂತ ಹೋದರೆ ವಾದಕ್ಕೆ ಜಾಗವೇ ಕಡಿಮೆ.

ದೂರು ಕೊಡುವ ಹಕ್ಕು ಆಕೆಗೆ ಇತ್ತು, ಕಾರಣವೂ ಇತ್ತು. ಕೊಡುವ ಮೊದಲು ಒಂದು ಮೆಟ್ಟಿಲು ಉಳಿದಿತ್ತು. ಮುಖ್ಯಸ್ಥರಿಗೆ ಎರಡೇ ಪ್ಯಾರಾದ ಪತ್ರ: ಇಂಥ ತಿಂಗಳುಗಳ ದೃಢೀಕರಣ ಬಾಕಿ ಇದೆ, ಇಂಥ ದಿನ ಎರಡು ವರ್ಷ ಮುಗಿಯುತ್ತದೆ, ಪರಿಶೀಲನಾ ಸಮಿತಿ ಕರೆಯಬೇಕಾಗಿ ವಿನಂತಿ. ನವೆಂಬರ್‌ನ ನಡಾವಳಿಯ ಪ್ರತಿ ಜೊತೆಗೆ. ಮುಖ್ಯಸ್ಥರು ಆ ನಡಾವಳಿ ನೋಡಿದ ಮೇಲೆ ಮಾತು ಬೇರೆಯಾಯಿತು. ಪ್ರಗತಿ ಚೆನ್ನಾಗಿದೆ ಅಂತ ಮೂರು ತಿಂಗಳ ಹಿಂದೆ ಸಹಿ ಮಾಡಿದವರು ಈಗ ಚೆನ್ನಾಗಿಲ್ಲ ಅನ್ನಲು ಕಾರಣ ಬರೆಯಬೇಕಾಗುತ್ತದೆ ಅಲ್ವಾ? 2025ರ ಏಪ್ರಿಲ್‌ನಲ್ಲಿ ಸಮಿತಿ ಸೇರಿತು. ಹೊರಗಿನಿಂದ ಬಂದ ತಜ್ಞರು ಕ್ಷೇತ್ರಕಾರ್ಯವನ್ನು ಹೊಗಳಿದರು. ಎಸ್‌ಆರ್‌ಎಫ್ ಆಯಿತು. ಬಾಕಿ ಹಣವೂ ಆಮೇಲೆ ಬಂತು. ಅಲ್ಲಿಯವರೆಗಿನ ತಿಂಗಳುಗಳಲ್ಲಿ ಆಕೆ ತಮ್ಮನ ಫೀಸಿಗೆ ಸೋದರಮಾವನ ಬಳಿ ಸಾಲ ಮಾಡಿದ್ದಳು.

ಗೈಡ್ ಬದಲಾವಣೆ ಏಕೆ ಬೇಡ ಅನಿಸಿತು

"ಗೈಡ್ ಬದಲಿಸಿಬಿಡಿ" ಅಂತ ಹೇಳುವುದು ಸುಲಭ. ಕೆಲವು ಪ್ರಕರಣಗಳಲ್ಲಿ ಅದೇ ಸರಿ. ಅವಮಾನ ದಿನನಿತ್ಯದ್ದಾದರೆ, ಬೆದರಿಕೆ ಇದ್ದರೆ, ಒಂದು ದಿನವೂ ತಡಮಾಡಬಾರದು. ಆದರೆ ಇಲ್ಲಿ ಲೆಕ್ಕ ಬೇರೆ ಇತ್ತು. ವಿಭಾಗದಲ್ಲಿ ಇದ್ದ ಇನ್ನಿಬ್ಬರು ಗೈಡ್‌ಗಳ ಬಳಿ ಜಾಗ ಖಾಲಿ ಇರಲಿಲ್ಲ. ಹಳೆಯ ಗೈಡ್ ಒಪ್ಪಿಗೆ ಪತ್ರ ಕೊಡಬೇಕು. ಬಂದ ಹೊಸಬರು ವಿಷಯ ಒಪ್ಪಬೇಕು. ಚಿಕ್ಕ ವಿಭಾಗದಲ್ಲಿ ಇದು ಇಬ್ಬರು ಸಹೋದ್ಯೋಗಿಗಳ ನಡುವಿನ ಮುನಿಸಾಗುತ್ತದೆ, ನಡುವೆ ಸಿಕ್ಕುವವಳು ವಿದ್ಯಾರ್ಥಿನಿ.

ಆಕೆಗೆ ಸರಿಹೋದದ್ದು ಸಹ-ಗೈಡ್. ಹಲವು ವಿಷಯ ಸೇರುವ ಸಂಶೋಧನೆಗೆ ವಿಭಾಗದ ಹೊರಗಿನಿಂದ ಸಹ-ಮಾರ್ಗದರ್ಶಕರನ್ನು ನೇಮಿಸಲು 2022ರ ನಿಯಮ ಅವಕಾಶ ಕೊಡುತ್ತದೆ. ಆಕೆಯ ವಿಷಯದಲ್ಲಿ ಅರ್ಥಶಾಸ್ತ್ರ ಎಷ್ಟೋ ಅಂತರ್ಜಲವೂ ಅಷ್ಟೇ. ಭೂಗೋಳ ವಿಭಾಗದ ಆ ಸದಸ್ಯರನ್ನು ಕೇಳಿದಳು. ಅವರು ಒಪ್ಪಿದರು. ಗೈಡ್ ಕೂಡ ಒಪ್ಪಿದರು, ಅಷ್ಟೇನೂ ಕಷ್ಟವಿಲ್ಲದೆ. ನನಗೆ ಅನಿಸುವುದು, ಅವರಿಗೂ ಅದು ಭಾರ ಇಳಿದ ಹಾಗಾಯಿತು. ತಾನು ಓದಲಾರೆ ಅಂತ ಒಪ್ಪಿಕೊಳ್ಳುವುದು ಅವರ ಸ್ಥಾನದಲ್ಲಿ ಕಷ್ಟ. ಇನ್ನೊಬ್ಬರು ಓದುತ್ತಾರೆ ಅನ್ನುವುದನ್ನು ಒಪ್ಪುವುದು ಅಷ್ಟು ಕಷ್ಟವಲ್ಲ.

ಪ್ರಬಂಧದ ಮೇಲಿನ ಹೆಸರು

2025ರಲ್ಲಿ ಇನ್ನೊಂದು ಬಿಕ್ಕಟ್ಟು ಬಂತು. ಕೈಸಾಲದ ಅಧ್ಯಾಯದಿಂದ ಆಕೆ ಸಂಶೋಧನಾ ಪತ್ರಿಕೆಗೆ ಒಂದು ಪ್ರಬಂಧ ಬರೆದಳು. 2022ರ ನಿಯಮದಲ್ಲಿ ಥೀಸಿಸ್ ಸಲ್ಲಿಸುವ ಮೊದಲು ಪ್ರಬಂಧ ಪ್ರಕಟಿಸಲೇಬೇಕು ಅನ್ನುವ ಷರತ್ತು ಇಲ್ಲ, 2016ರದರಲ್ಲಿ ಇತ್ತು. ಆದರೂ ಕೆಲಸಕ್ಕೆ ಅರ್ಜಿ ಹಾಕುವಾಗ ಪ್ರಬಂಧಕ್ಕೆ ಬೆಲೆ ಇದೆ. ಗೈಡ್ ತಮ್ಮ ಹೆಸರು ಮೊದಲು ಬರಲಿ, ಜೊತೆಗೆ ತಮ್ಮ ಗೆಳೆಯರೊಬ್ಬರ ಹೆಸರೂ ಸೇರಲಿ ಅಂದರು.

ಆಕೆ ಇದಕ್ಕೂ ಇಮೇಲ್‌ನಲ್ಲೇ ಉತ್ತರ ಕೊಟ್ಟಳು. ಪ್ರಶ್ನಾವಳಿ, ಕ್ಷೇತ್ರಕಾರ್ಯ, ಲೆಕ್ಕ, ಬರವಣಿಗೆ, ತಿದ್ದುಪಡಿ, ಯಾರು ಏನು ಮಾಡಿದರು ಅಂತ ಒಂದು ಚಿಕ್ಕ ಕೋಷ್ಟಕ. ಪತ್ರಿಕೆಯವರು ಲೇಖಕರ ಕೊಡುಗೆಯ ವಿವರ ಕೇಳುತ್ತಾರೆ ಸರ್, ಹೀಗೆ ಬರೆಯಬಹುದಾ ಅಂತ ಕೇಳಿದಳು. ಸುಳ್ಳಲ್ಲ, ಆ ಪತ್ರಿಕೆ ನಿಜವಾಗಿಯೂ ಕೇಳುತ್ತಿತ್ತು. ಗೆಳೆಯರ ಹೆಸರಿನ ಎದುರು ಬರೆಯಲು ಏನೂ ಇರಲಿಲ್ಲ. ಆ ಹೆಸರು ಬಿಟ್ಟುಹೋಯಿತು. ಆಕೆಯ ಹೆಸರು ಮೊದಲು, ಸಹ-ಗೈಡ್ ಎರಡನೆಯವರು, ಗೈಡ್ ಕೊನೆಗೆ. ಕೈಸಾಲ ಸೇರಿಸು ಅಂದವರು ಅವರೇ ಆದ್ದರಿಂದ ಅವರ ಹೆಸರು ಇರುವುದು ನ್ಯಾಯವೇ ಅಂತ ನನ್ನ ಅಭಿಪ್ರಾಯ. ಆಕೆ ಇದನ್ನು ಪೂರ್ತಿ ಒಪ್ಪುವುದಿಲ್ಲ.

ಮನಸ್ಸಿನ ಲೆಕ್ಕ

ಫೆಲೋಶಿಪ್ ನಿಂತ ತಿಂಗಳುಗಳಲ್ಲಿ ಆಕೆಗೆ ನಿದ್ದೆ ಬರುತ್ತಿರಲಿಲ್ಲ. ಗೈಡ್ ನಂಬರಿನಿಂದ ಫೋನ್ ಬಂದರೆ ಕೈ ನಡುಗುತ್ತಿತ್ತು. ಊಟ ಅರ್ಧಕ್ಕೆ ಬಿಡುತ್ತಿದ್ದಳು ಅಂತ ಹಾಸ್ಟೆಲ್ ಗೆಳತಿ ನನಗೆ ಹೇಳಿದಳು. "ಎಲ್ಲರಿಗೂ ಹೀಗೇ ಆಗುತ್ತೆ, ಪಿಎಚ್.ಡಿ. ಅಂದ್ರೆ ಇದೇ" ಅಂತ ಸುತ್ತಲಿನವರು ಸಮಾಧಾನ ಮಾಡುತ್ತಿದ್ದರು. ಅದು ಸಮಾಧಾನವಲ್ಲ. ಒಂದು ರಾತ್ರಿ ಆಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಫೋನ್ ಮಾಡಿದಳು. ಕನ್ನಡದಲ್ಲೇ ಮಾತಾಡಿದರು. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋದಳು. ಕೆಲವು ತಿಂಗಳು ಚಿಕಿತ್ಸೆ ಪಡೆದಳು. ಪತ್ರ, ನಿಯಮ, ನಡಾವಳಿ ಇವೆಲ್ಲ ಕೆಲಸ ಮಾಡಬೇಕಾದರೆ ಅದನ್ನು ಬರೆಯುವವಳಿಗೆ ನಿದ್ದೆ ಬರಬೇಕು. ಇದನ್ನು ಬರೆಯಲೇಬೇಕು ಅಂತ ಹೇಳಿದವಳು ಆಕೆಯೇ.

ಸಣ್ಣಪುಟ್ಟ ಕೆಲಸಗಳ ವಿಷಯಕ್ಕೂ ಒಂದು ದಾರಿ ಮಾಡಿಕೊಂಡಳು. ಬೆಳಗಿನ ಹೊತ್ತು ಲೈಬ್ರರಿ, ಮಧ್ಯಾಹ್ನ ಮೂರರ ಮೇಲೆ ವಿಭಾಗ. "ಸರ್, ಮೂರು ಗಂಟೆಗೆ ಬಂದು ಮಾಡಿಕೊಡುತ್ತೇನೆ" ಅನ್ನುವುದನ್ನು ಕಲಿತಳು. ಇಲ್ಲ ಅಂದಂತೆಯೂ ಅಲ್ಲ, ದಿನವೆಲ್ಲ ಕೊಟ್ಟಂತೆಯೂ ಅಲ್ಲ. ಕೆಲವು ಕೆಲಸ ಮೂರು ಗಂಟೆಯೊಳಗೆ ಬೇರೆಯವರೇ ಮುಗಿಸಿರುತ್ತಿದ್ದರು.

ಈಗಿನ ಸ್ಥಿತಿ

ಇದನ್ನು ಬರೆಯುವ ಹೊತ್ತಿಗೆ ನಾಲ್ಕು ಅಧ್ಯಾಯ ಮುಗಿದಿದೆ. ಸಹ-ಗೈಡ್ ಪ್ರತಿ ಪುಟ ಓದುತ್ತಾರೆ, ಕೆಂಪು ಪೆನ್ನಿನಲ್ಲಿ. ಗೈಡ್ ಜೊತೆ ಸಂಬಂಧ ಮರ್ಯಾದೆಯದು, ಬೆಚ್ಚಗಿನದೇನಲ್ಲ. ಇಮೇಲ್ ಪದ್ಧತಿಯನ್ನು ಆಕೆ ಇನ್ನೂ ಬಿಟ್ಟಿಲ್ಲ. ಆ ವಿಭಾಗದಲ್ಲಿ ಬೇರೆ ವಿದ್ಯಾರ್ಥಿಗಳ ಆರ್‌ಎಸಿ ಈಗಲೂ ಫೈಲ್ ಸುತ್ತಿಸಿಯೇ ನಡೆಯುತ್ತದೆ. ಅದೇ ಗೈಡ್‌ನ ಇನ್ನಿಬ್ಬರು ವಿದ್ಯಾರ್ಥಿಗಳು ಮಾತ್ರ ಸಭೆ ಕರೆಯಿರಿ ಅಂತ ಮನವಿ ಕೊಟ್ಟಿದ್ದಾರೆ. ಒಬ್ಬರದು ನಡೆದಿದೆ, ಇನ್ನೊಬ್ಬರದು ಬಾಕಿ.

ಗೈಡ್ 2027ರಲ್ಲಿ ನಿವೃತ್ತರಾಗುತ್ತಾರೆ. ನಿವೃತ್ತಿಯ ನಂತರ ಅವರು ಮುಖ್ಯ ಮಾರ್ಗದರ್ಶಕರಾಗಿ ಇರುವಂತಿಲ್ಲ. 70 ವರ್ಷ ತುಂಬುವವರೆಗೆ ಸಹ-ಮಾರ್ಗದರ್ಶಕರಾಗಿ ಇರಬಹುದು ಅನ್ನುತ್ತದೆ ನಿಯಮ. ಅಷ್ಟರೊಳಗೆ ಥೀಸಿಸ್ ಸಲ್ಲಿಕೆಯಾಗದಿದ್ದರೆ ಮುಖ್ಯ ಗೈಡ್ ಯಾರು ಅನ್ನುವ ಪ್ರಶ್ನೆ ಕೊನೆಯ ತಿಂಗಳಲ್ಲಿ ಏಳಬಾರದು. ಅದಕ್ಕೆ ಈಗಿನ ಸಹ-ಗೈಡ್ ಅವರನ್ನೇ ಮುಖ್ಯ ಗೈಡ್ ಮಾಡುವ ಬಗ್ಗೆ ಮುಂದಿನ ಆರ್‌ಎಸಿಯಲ್ಲಿ ತೀರ್ಮಾನ ಬರೆಯಬೇಕು ಅಂತ ಆಕೆ ಈಗಲೇ ಪತ್ರ ಕೊಟ್ಟಿದ್ದಾಳೆ. ಇನ್‌ವರ್ಡ್ ನಂಬರ್ ಹಾಕಿಸಿ, ಪ್ರತಿಯನ್ನು ನನಗೂ ಕಳಿಸಿದ್ದಾಳೆ.